ಲಕ್ಷ್ಮೇಶ್ವರಕ್ಕೆ ಬರುವ ಗಾಡಿ

ಮೊನ್ನೆ ಹಿರೇವಡ್ಡಟ್ಟಿಯಿಂದ ಬಂದ ಹೆಣ್ಣುಮಗಳೊಬ್ಬಳು ನನ್ನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವಳು ಥಟ್ಟನೆ ಬಾಯಿ ಮುಚ್ಚಿ ಎದ್ದು ಕುಳಿತಳು. ನಾನು ಹಲ್ಲಿನ ಡಾಕ್ಟರು. ಹೀಗೆ ಎದ್ದು ಕೂರುವವರು ನನಗೆ ಹೊಸಬರಲ್ಲ. ಸೂಜಿ ಕಂಡರೆ ಏಳುತ್ತಾರೆ, ಇಕ್ಕಳ ಕಂಡರೆ ಏಳುತ್ತಾರೆ, ಕೆಲವರು ನನ್ನ ಮುಖ ಕಂಡರೇ ಏಳುತ್ತಾರೆ. ಆದರೆ ಈಕೆ ನೋಡಿದ್ದು ಅವು ಯಾವುದನ್ನೂ ಅಲ್ಲ. ಪಕ್ಕದ ಮೇಜಿನ ತಟ್ಟೆಯಲ್ಲಿ ಮೇಣದ ತುಂಡು, ಅಚ್ಚಿನ ಪುಡಿಗಳ ನಡುವೆ ಒಂದು ಪುಟ್ಟ ರೈಲು ಡಬ್ಬಿ ಕೂತಿತ್ತು. ಗಾಲಿ ಇನ್ನೂ ಕೂಡಿಸಿರಲಿಲ್ಲ.

"ಡಾಕ್ಟ್ರ ಬಾಯಾರ, ಇದನ್ನೂ ನನ್ನ ಬಾಯಾಗ ಕುಂಡ್ರಸ್ತೀರೇನ್ರಿ?" ಎಂದು ಕೇಳಿದಳು.

"ಇಲ್ಲ ಬಿಡು. ಅದು ಬ್ಯಾರೆ ಕೆಲಸದ್ದು."

"ಮನ್ಯಾಗ ಸಣ್ಣ ಹುಡುಗರು ಅದಾರೇನ್ರಿ?"

"ಇಲ್ಲ. ನಾನ ಆಡತೀನಿ."

ಆಕೆ ನನ್ನನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಆತು. ಹಲ್ಲಷ್ಟು ನೋಡಿ ಕೀಳ್ರಿ" ಎಂದು ಮತ್ತೆ ಮಲಗಿದಳು.

ನಾನು ರೈಲು ಕಟ್ಟುತ್ತೇನೆ. ಐವತ್ತು ದಾಟಿದ ಹೆಂಗಸು ಹೀಗೆಂದಾಗ ಎದುರಿಗಿದ್ದವರು ಮಾತು ಬದಲಿಸುವುದು ನನಗೆ ರೂಢಿಯಾಗಿದೆ. ಗದಗಿನ ಜನ ಮರ್ಯಾದಸ್ಥರು. ನಗುವುದಿದ್ದರೆ ನಾನು ಹೋದ ಮೇಲೆ ನಗುತ್ತಾರೆ. ನಮ್ಮ ಮನೆಯವರು ಮಾತ್ರ ಎದುರಿಗೇ ನಗುತ್ತಾರೆ. ಅವರಿಗೆ ಆ ಹಕ್ಕಿದೆ. ಊಟದ ಟೇಬಲ್ಲಿನ ಅರ್ಧ ಭಾಗವನ್ನು ನನ್ನ ಹಳಿಗಳಿಗೆ ಬಿಟ್ಟುಕೊಟ್ಟು, ಉಳಿದರ್ಧದಲ್ಲಿ ಮೊಣಕೈ ಮಡಚಿಕೊಂಡು ರೊಟ್ಟಿ ತಿನ್ನುವವರು ಅವರು.

ನಾನು ಹುಟ್ಟಿ ಬೆಳೆದದ್ದು ಮುಂಡರಗಿಯಲ್ಲಿ. ಅಲ್ಲಿ ರೈಲಿಲ್ಲ. ಅಪ್ಪ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಖಾಲಿಯಾದ ಇಂಜೆಕ್ಷನ್ ಬಾಟಲಿಗಳ ರಟ್ಟಿನ ಡಬ್ಬಿ, ಅವುಗಳ ರಬ್ಬರ್ ಮುಚ್ಚಳ ಇವನ್ನೆಲ್ಲ ಸಂಜೆ ಜೇಬಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ರಟ್ಟಿಗೆ ಗುಂಡುಸೂಜಿಯಿಂದ ರಬ್ಬರ್ ಮುಚ್ಚಳ ಚುಚ್ಚಿದರೆ ಗಾಲಿ ಆಯಿತು, ದಾರ ಕಟ್ಟಿದರೆ ಗಾಡಿ ಆಯಿತು. ಪಡಸಾಲೆಯಿಂದ ಹೊರಟು, ಅಡುಗೆಮನೆ ಹೊಸ್ತಿಲು ಹತ್ತಲಾರದೆ ಅಲ್ಲೇ ನಿಲ್ಲುತ್ತಿತ್ತು. ಅದಕ್ಕೆ ಯಾವಾಗಲೂ ಸ್ಪಿರಿಟ್ಟಿನ ವಾಸನೆ. ರೈಲೆಂದರೆ ಹೀಗೇ ನಾರುತ್ತದೆ ಎಂದು ನಾನು ನಂಬಿದ್ದೆ. ಒಮ್ಮೆ ಗದಗಿನ ಅತ್ತೆಯ ಮನೆಗೆ ಬಂದಾಗ ಅಪ್ಪ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಖರೆ ರೈಲು ತೋರಿಸಿದರು. ಕಲ್ಲಿದ್ದಿಲಿನ ಎಂಜಿನ್ನು ಹೊಗೆ ಬಿಡುತ್ತ ಬಂದು ನಿಂತಿತು.

"ಹೆಂಗೈತಿ?" ಎಂದರು ಅಪ್ಪ.

"ವಾಸನಿ ಬ್ಯಾರೆ ಐತಿ" ಎಂದೆ.

ಈ ಮಾತನ್ನು ಅಪ್ಪ ದವಾಖಾನೆಯಲ್ಲಿ ಎಷ್ಟು ದಿನ ಹೇಳಿಕೊಂಡು ನಕ್ಕರೋ. ಆಮೇಲೆ ನಾನು ಓದಿ, ಡಾಕ್ಟರಾಗಿ, ಮದುವೆಯಾಗಿ ಗದಗಿಗೆ ಬಂದೆ. ರೈಲನ್ನು ದಿನಾ ಕೇಳಿಸಿಕೊಳ್ಳುವ ಊರಿನಲ್ಲಿದ್ದು ರೈಲನ್ನು ಮರೆತೆ.

ನೆನಪಿಸಿದವರು ವೀರಣ್ಣನವರು. ಬೆಟಗೇರಿಯಲ್ಲಿ ಅವರದು ಪ್ರಿಂಟಿಂಗ್ ಪ್ರೆಸ್ಸು. ಲಗ್ನಪತ್ರಿಕೆ, ಕ್ಯಾಲೆಂಡರ್, ಔಷಧದ ಡಬ್ಬಿಯ ಮೇಲಿನ ಚೀಟಿ ಎಲ್ಲ ಅವರಲ್ಲಿ ಅಚ್ಚಾಗುತ್ತವೆ. ದವಡೆ ಹಲ್ಲು ಕಟ್ಟಿಸಿಕೊಳ್ಳಲು ಬಂದವರು ನಾನು ಹಲ್ಲಿನ ಅಚ್ಚು ತೆಗೆಯುವ ಹಿಟ್ಟು ಕಲಸುವುದನ್ನು ಕುತ್ತಿಗೆ ಉದ್ದ ಮಾಡಿ ನೋಡಿದರು. ಬಾಯಲ್ಲಿ ಅಚ್ಚು ಇದ್ದಷ್ಟು ಹೊತ್ತು ಕೈಸನ್ನೆ ಮಾಡುತ್ತಲೇ ಇದ್ದರು. ಏನೋ ಉಸಿರು ಕಟ್ಟಿತೆಂದು ಗಾಬರಿಯಾಗಿ ಅಚ್ಚು ತೆಗೆದರೆ, "ಈ ಹಿಟ್ಟು ಎಲ್ಲಿ ಸಿಗತೈತ್ರಿ? ನಮ್ಮ ಗುಡ್ಡ ಬಿರಕ ಬಿಡಾಕತ್ತೈತಿ" ಎಂದರು.

ಯಾವ ಗುಡ್ಡ ಎಂದು ನೋಡಲು ಹೋದೆ. ಪ್ರೆಸ್ಸಿನ ಮೇಲಿನ ಉದ್ದನೆಯ ಕೋಣೆಯಲ್ಲಿ ಒಂದು ಕಾಲಕ್ಕೆ ಮಗ್ಗಗಳಿದ್ದವಂತೆ. ಈಗ ಅಲ್ಲಿ ಹಲಗೆಗಳ ಮೇಲೆ ಹಳಿ ಹಾಸಿತ್ತು. ಕಾಗದ ಅರೆದು ಮಾಡಿದ ಕಪ್ಪತಗುಡ್ಡ ಮೂಲೆಯಲ್ಲಿ ಬಿರುಕು ಬಿಟ್ಟು ನಿಂತಿತ್ತು. ಗುಡ್ಡ ಸರಿಮಾಡಿ ಬರೋಣವೆಂದು ಹೋದವಳು ಅಲ್ಲಿಯೇ ಉಳಿದೆ. ಹಲ್ಲು ಕೆತ್ತುವ ಚೂಪು ಸಲಕರಣೆಗಳು ರೈಲಿನ ಕಿಟಕಿ ಕೊರೆಯಲು ಹೇಳಿ ಮಾಡಿಸಿದ ಹಾಗಿದ್ದವು.

ನಮ್ಮದು ನಾಲ್ಕು ಜನರ ಬಳಗ. ರವಿವಾರ ಮಧ್ಯಾಹ್ನ ಸೇರುತ್ತೇವೆ. ವೀರಣ್ಣನವರು, ನಾನು, ರೈಲಿನ ಗಾರ್ಡ್ ಆಗಿ ನಿವೃತ್ತರಾದ ಇಮಾಮಸಾಬರು, ಲಕ್ಷ್ಮೇಶ್ವರದಲ್ಲಿ ಬೀಜದ ಅಂಗಡಿ ಇಟ್ಟಿರುವ ಚನ್ನಬಸಪ್ಪ. ಬಳಗಕ್ಕೆ ಹೆಸರಿಲ್ಲ. ಹೆಸರಿಡಲೆಂದೇ ಒಂದು ರವಿವಾರ ಕೂಡಿದ್ದೆವು. ಅವತ್ತು ಮಿರ್ಚಿಭಜಿ ತಿಂದ ಕೈಯಲ್ಲಿ ಯಾರೋ ಹಳಿ ಮುಟ್ಟಿದ್ದರಿಂದ ಎಣ್ಣೆ ಹತ್ತಿ ಕರೆಂಟು ಹರಿಯದೆ ಗಾಡಿಗಳೆಲ್ಲ ನಿಂತವು. ಹಳಿ ಒರೆಸುವುದರಲ್ಲಿ ದಿನ ಮುಗಿಯಿತು. ಹೆಸರು ಬರಲಿಲ್ಲ, ಭಜಿಯನ್ನು ಕೆಳಗೇ ತಿಂದು ಬರಬೇಕೆಂಬ ನಿಯಮ ಬಂತು.

ಈ ಹವ್ಯಾಸದಲ್ಲಿ ದೊಡ್ಡ ಜಗಳ ಅಳತೆಯದು. ಖರೆ ಗಾಡಿಯನ್ನು ಎಷ್ಟು ಪಟ್ಟು ಕುಗ್ಗಿಸಬೇಕು ಎಂಬುದಕ್ಕೆ ಲೋಕದಲ್ಲಿ ಹಲವು ಲೆಕ್ಕಗಳಿವೆ. ನಲವತ್ತೆಂಟು ಪಟ್ಟು ಕುಗ್ಗಿಸಿದರೆ ಒಂದು ಡಬ್ಬಿ ಹೆಚ್ಚುಕಡಿಮೆ ಮೊಳದುದ್ದ ಬರುತ್ತದೆ. ಎಂಬತ್ತೇಳು ಪಟ್ಟಿಗೆ ಒಂದು ಗೇಣು. ನೂರಾ ಅರವತ್ತು ಪಟ್ಟಿಗೆ ಹೆಬ್ಬೆರಳು ತೋರುಬೆರಳು ಅಗಲಿಸಿದಷ್ಟು, ಅಂದರೆ ಒಂದು ಚೋಟು. ಈ ಅಳತೆಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರುಗಳಿವೆ, ಆದರೆ ಇಮಾಮಸಾಬರು ಅವನ್ನು ಒಪ್ಪಲಿಲ್ಲ. ಮೊಳ, ಗೇಣು, ಚೋಟು ಎಂದೇ ನಮ್ಮಲ್ಲಿ ರೂಢಿ. ವೀರಣ್ಣನವರೂ ಇಮಾಮಸಾಬರೂ ಗೇಣಿನವರು. ನಾನು ಚೋಟಿನವಳು. ಹಲ್ಲಿನ ಕೆಲಸ ಮಾಡಿದವಳಿಗೆ ಅದಕ್ಕಿಂತ ದೊಡ್ಡದನ್ನು ಹಿಡಿದರೆ ಕೈ ಒರಟಾದಂತೆ ಅನ್ನಿಸುತ್ತದೆ. ಚನ್ನಬಸಪ್ಪನೊಬ್ಬನೇ ಮೊಳದವನು.

ಒಬ್ಬರ ಗಾಡಿ ಇನ್ನೊಬ್ಬರ ಹಳಿಯ ಮೇಲೆ ಓಡುವುದಿಲ್ಲ. ಹೀಗಾಗಿ ನಾವು ಒಂದೇ ಕೋಣೆಯಲ್ಲಿ ಕೂತು ಬೇರೆಬೇರೆ ಆಟ ಆಡುತ್ತಿದ್ದೆವು. ನನ್ನ ಗಾಡಿ ಹಿಟ್ಟು ನಾದುವ ಒಂದು ಪರಾತದಷ್ಟು ಜಾಗದಲ್ಲಿ ಸುತ್ತು ಹಾಕುತ್ತಿತ್ತು. ಚನ್ನಬಸಪ್ಪನ ಗಾಡಿ ತಿರುಗಬೇಕಾದರೆ ಉಳಿದವರು ಕುರ್ಚಿ ಎತ್ತಿಕೊಂಡು ಗೋಡೆಗೆ ಅಂಟಿಕೊಳ್ಳಬೇಕಿತ್ತು. ಆತ ಸಾಗವಾನಿ ಹಲಗೆಯ ತುಂಡುಗಳಿಂದ ಡಬ್ಬಿ ಮಾಡಿ, ಟವೆಲ್ಲಿನಲ್ಲಿ ಸುತ್ತಿ, ಚೀಲದಲ್ಲಿ ಇಟ್ಟುಕೊಂಡು ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ತರುತ್ತಿದ್ದ. ಕಿಟಕಿಯ ಸರಳು, ಬಾಗಿಲ ಹಿಡಿಕೆ, ಮೆಟ್ಟಿಲು ಇವೆಲ್ಲ ಇರಬೇಕಾದ್ದಕ್ಕಿಂತ ಒಂದು ಎಳೆ ದಪ್ಪ. ಬಣ್ಣದ ಕಡೆಗೆ ಮಾತ್ರ ಲಕ್ಷ್ಯವಿಲ್ಲ, ಒಂದೇ ಕೈ ಬಳಿದು ಬಿಟ್ಟಿರುತ್ತಿದ್ದ. ಇಮಾಮಸಾಬರು ಅದನ್ನು ತಿರುಗಿಸಿ ನೋಡಿ, "ಬಣ್ಣಾ ಹಿಂಗ ಹಚ್ಚಿದ್ರ ನಮ್ಮ ಕಾಲದಾಗ ಗಾಡಿ ಷೆಡ್ ಬಿಟ್ಟ ಹೊರಗ ಬರತಿದ್ದಿಲ್ಲೋ" ಎನ್ನುವರು. ಆತ ನಕ್ಕು ಡಬ್ಬಿಯನ್ನು ಹಳಿಯ ಮೇಲೆ ಇಡುವನು.

ಕಳೆದ ವರ್ಷ ವೀರಣ್ಣನವರು ಒಂದು ಪ್ರಸ್ತಾಪ ತಂದರು. ಎಲ್ಲರೂ ಕೂಡಿ ಒಂದು ದೊಡ್ಡ ಮಾದರಿ ಮಾಡೋಣ, ಹಳೆಯ ಗದಗ ಜಂಕ್ಷನ್ನು, ಮೀಟರ್ ಗೇಜಿನ ಕಾಲದ್ದು, ಇದ್ದದ್ದು ಇದ್ದ ಹಾಗೆ. ಇಮಾಮಸಾಬರಿಗೆ ಕಣ್ಣು ತುಂಬಿ ಬಂತು. ನೀರಿನ ಟಾಕಿ ಎಲ್ಲಿತ್ತು, ಸಿಗ್ನಲ್ ಕೈ ಯಾವ ಕಡೆ ಬೀಳುತ್ತಿತ್ತು ಎಂದು ಹೇಳತೊಡಗಿದರು. ಹಿಂದಿನ ವಾರ ಪೂರ್ವಕ್ಕಿದ್ದ ಟಾಕಿ ಈ ವಾರ ಪಶ್ಚಿಮಕ್ಕೆ ಬರುತ್ತಿತ್ತು, ಅದು ಬೇರೆ ಮಾತು.

"ಒಂದ ಅಳತಿ ಇರಬೇಕು. ಮತ ಹಾಕೋಣ" ಎಂದರು ವೀರಣ್ಣ.

ಮತ ಹಾಕಿದೆವು. ಗೇಣಿಗೆ ಎರಡು. ನಾನು ನನಗೇ ಹಾಕಿಕೊಂಡೆ. ಚನ್ನಬಸಪ್ಪನೂ ಹಾಗೇ ಮಾಡಿದ. ಗೇಣು ಗೆದ್ದಿತು.

"ಒಂದು ಸ್ಟೇಷನ್ನರೆ ನನ್ನ ಅಳತಿದು ಇರಲ್ರಿ" ಎಂದು ಆತ ಕೇಳಿದ. "ಒಂದು ಬದಿಗೆ. ಲಕ್ಷ್ಮೇಶ್ವರ ಅಂತ ಬೋರ್ಡ್ ಹಾಕತೀನಿ."

"ಲಕ್ಷ್ಮೇಶ್ವರದಾಗ ಸ್ಟೇಷನ್ ಎಲ್ಲೈತಿ?" ಎಂದರು ವೀರಣ್ಣ. "ಇದ್ದದ್ದು ಇದ್ದಂಗ ಅಂತ ಮಾತಾಗೈತಿ. ಇಲ್ಲದ್ದನ್ನ ಹೆಂಗ ಹಾಕೋಣು?"

ಆ ಊರಿಗೆ ರೈಲು ಬೇಕೆಂದು ಕೇಳುತ್ತ ತಲೆಮಾರುಗಳೇ ದಾಟಿವೆ. ಹಳಿ ಇನ್ನೂ ಬಂದಿಲ್ಲ. ಚನ್ನಬಸಪ್ಪ, "ಆತು ಬಿಡ್ರಿ" ಎಂದು ತನ್ನ ಡಬ್ಬಿಗಳನ್ನು ಒಂದೊಂದಾಗಿ ಟವೆಲ್ಲಿನಲ್ಲಿ ಸುತ್ತಿದ. ಸಿಟ್ಟು ಮಾಡಲಿಲ್ಲ. ಚಹಾ ಕುಡಿದು, ಲೋಟ ತೊಳೆದಿಟ್ಟು ಹೋದ.

ಮುಂದಿನ ರವಿವಾರ ಬರಲಿಲ್ಲ. ಫೋನು ಮಾಡಿದರೆ, "ಬಿತ್ತೋ ಹಂಗಾಮ ಐತ್ರಿ, ಅಂಗಡಿ ಬಿಟ್ಟ ಬರಾಕ ಆಗವಲ್ದು" ಎಂದ. ಖರೆ ಇರಬಹುದು ಎಂದುಕೊಂಡೆವು. ಮುಂಗಾರು ಮುಗಿಯಿತು. ಮತ್ತೆ ಕೇಳಿದಾಗಲೂ ಹಂಗಾಮು ಎಂದೇ ಹೇಳಿದ. ಆಗ ಹೊಲಗಳಲ್ಲಿ ಬೆಳೆ ಮೊಣಕಾಲುದ್ದ ನಿಂತಿತ್ತು. ಯಾರೂ ಏನನ್ನೂ ಬಿತ್ತುತ್ತಿರಲಿಲ್ಲ.

ಕೋಣೆ ವಿಶಾಲವಾಯಿತು. ಗೋಡೆಗೆ ಅಂಟಿಕೊಳ್ಳುವ ಪ್ರಸಂಗವೇ ಇಲ್ಲ. ಆದರೂ ಏನೋ ಸರಿಯಿರಲಿಲ್ಲ. ಇಮಾಮಸಾಬರು ಬೈಯಲು ಬಣ್ಣ ಸಿಗದೆ ನನ್ನ ಚೋಟಿನ ಗಾಡಿಗೆ, "ಇದು ಗಾಡಿಯೋ ಜರಿಹುಳಾನೋ" ಎನ್ನತೊಡಗಿದರು.

ನಾನು ವಾರಕ್ಕೊಮ್ಮೆ ಶಿರಹಟ್ಟಿಯಲ್ಲಿ ಪೇಷಂಟುಗಳನ್ನು ನೋಡುತ್ತೇನೆ. ಅಲ್ಲಿಂದ ಲಕ್ಷ್ಮೇಶ್ವರ ದೂರವಲ್ಲ. ಒಂದು ಗುರುವಾರ ಕೆಲಸ ಬೇಗ ಮುಗಿದಾಗ ಕಾರನ್ನು ಗದಗಿನ ಕಡೆ ತಿರುಗಿಸದೆ ಆ ಕಡೆ ತಿರುಗಿಸಿದೆ. ಚನ್ನಬಸಪ್ಪ ಅಂಗಡಿಯಲ್ಲಿ ಹೆಸರು ಬೀಜದ ಚೀಲ ಹೊಲಿಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. "ಬರ್ರಿ, ಒಳಗ ಬರ್ರಿ" ಎಂದು ಅಂಗಡಿಯ ಹಿಂದಿದ್ದ ಮನೆಗೆ ಕರೆದುಕೊಂಡು ಹೋದ.

ಒಳಗೆ ನೆಲದ ಮೇಲೆ ಹಾರ್ಮೋನಿಯಂ ಮುಂದೆ ಇಟ್ಟುಕೊಂಡು ಒಬ್ಬರು ಕೂತಿದ್ದರು. ಅರವತ್ತರ ಹತ್ತಿರದ ವಯಸ್ಸು, ಬಿಗಿಯಾಗಿ ಕಟ್ಟಿದ ತುರುಬು. ನಾನು ಹೊಸ್ತಿಲಲ್ಲಿರುವಾಗಲೇ ಮುಖ ಇತ್ತ ತಿರುಗಿಸಿದರು.

"ಯಾರ ಬಂದ್ರು ಚನ್ನಾ? ಲವಂಗದ ಎಣ್ಣಿ ವಾಸನಿ ಬರಾಕತ್ತೈತಿ. ಹಲ್ಲಿನ ಡಾಕ್ಟ್ರೇನು?"

ಹುಟ್ಟಿನಿಂದಲೇ ಕಣ್ಣು ಕಾಣದ ಆ ಹೆಂಗಸು ಚನ್ನಬಸಪ್ಪನ ಅಕ್ಕ ಗಿರಿಜಕ್ಕ. ಚಿಕ್ಕಂದಿನಲ್ಲಿ ಗದಗಿನಲ್ಲಿದ್ದು ಸಂಗೀತ ಕಲಿತವರು. ಈಗ ಊರಿನ ಮಕ್ಕಳಿಗೆ ಕಲಿಸುತ್ತಾರೆ, ಕಾರ್ಯಕ್ರಮಗಳಲ್ಲಿ ಹಾಡುತ್ತಾರೆ. ಆರು ವರ್ಷ ನಮ್ಮ ಜೊತೆ ಕೂತವನು ಹೀಗೊಬ್ಬ ಅಕ್ಕ ಇದ್ದಾಳೆಂದು ಒಂದು ದಿನವೂ ಹೇಳಿರಲಿಲ್ಲ.

ಗೋಡೆಯ ಗುಂಟ ಸೊಂಟದೆತ್ತರಕ್ಕೆ ಒಂದು ಉದ್ದ ಹಲಗೆ. ಅದರ ಮೇಲೆ ಒಂದು ಸ್ಟೇಷನ್ನು. ಗಿರಿಜಕ್ಕ ಎದ್ದು ಬಂದು ನನ್ನ ಕೈ ಹಿಡಿದು ಅದರ ಮೇಲೆ ಇಟ್ಟರು.

"ಕಣ್ಣ ಮುಚ್ಚಿ ನೋಡ್ರಿ. ಇದು ಮೆಟ್ಲ. ಇದು ತಿಕೀಟ ಕಿಡಕಿ. ಇದು ನಳ, ಇದರ ಕೆಳಗ ಚರಂಡಿನೂ ಐತಿ. ಇಲ್ಲಿ ಬೆಂಚ್. ಬೆಂಚ್ ಮೊದಲ ಆ ಕಡೆ ಇಟ್ಟಿದ್ದ, ಬಿಸಲ ಬೀಳತೈತಿ ಅಂತ ನಾ ಇತ್ತಲಾಗ ಇಡಿಸಿದೆ."

ಬೆರಳಿಗೆ ಬೆಂಚಿನ ಪಟ್ಟಿಗಳು ಒಂದೊಂದಾಗಿ ಸಿಕ್ಕವು. ಎಲ್ಲ ಒಂದು ಎಳೆ ದಪ್ಪ ಏಕೆ, ಬಣ್ಣ ಒಂದೇ ಕೈ ಏಕೆ ಎಂದು ಆಗ ತಿಳಿಯಿತು. ಗಿರಿಜಕ್ಕ ಕೇಳಿದರು.

"ನೀವು ಗಾಡ್ಯಾಗ ಕುಂತೀರಿ?"

"ಕುಂತೀನ್ರಿ."

"ನಾನೂ ಕುಂತೀನಿ. ಹಾಡಾಕ ಹುಬ್ಬಳ್ಳಿಗೆ ಹೋಗೀನಿ, ಸೊಲ್ಲಾಪುರಕ್ಕ ಹೋಗೀನಿ. ಆದ್ರ ನನಗ ಗಾಡಿ ಅಂದ್ರ ಏನ್ರಿ? ಹತ್ತೋ ಮುಂದ ಒಂದು ಹಿಡಿಕಿ, ಎರಡು ಮೆಟ್ಲ. ಒಳಗ ಒಂದು ಹಲಗಿ, ಕಿಡಕಿ ಸರಳು. ಇಳಿಯೋ ಮುಂದ ಮತ್ತ ಅದ ಹಿಡಿಕಿ. ಎಲ್ಲಾರೂ ಗಾಡಿ ಉದ್ದ ಐತಿ, ಭಾಳ ಉದ್ದ ಐತಿ ಅಂತಿದ್ರು. ನಾ ಹೂಂ ಅಂತಿದ್ದೆ. ಮುಂದ ಇವ ಒಂದಿನ ಕಟಿಗಿ ಗಾಡಿ ಮಾಡಿ ತಂದಿಟ್ಟ. ಎಂಜಿನ್ ಮೂಗಿನಿಂದ ಕೈ ಹಚ್ಚಿ ಗಾರ್ಡಿನ ಡಬ್ಬಿತನಾ ಹೋದೆ. ಹಿಂಗೈತೇನು ಗಾಡಿ ಅಂದೆ. ಅವತ್ತ ಗೊತ್ತಾತು ನೋಡ್ರಿ."

ಸೇತುವೆಯ ಮೇಲೆ ಹೋಗುವ ಗಾಡಿಯನ್ನು ನಾವು ಒಂದೇ ನೋಟಕ್ಕೆ ತಲೆಯಿಂದ ಬಾಲದವರೆಗೆ ನೋಡಿ ಮರೆತುಬಿಡುತ್ತೇವೆ. ಗಾಡಿಯನ್ನು ಇಡಿಯಾಗಿ ಕಾಣಬೇಕಾದರೆ ಅದನ್ನು ಕುಗ್ಗಿಸಲೇಬೇಕಾದವರು ಇದ್ದಾರೆಂದು ನನಗೆ ಹೊಳೆದೇ ಇರಲಿಲ್ಲ. ನಾನು ಕುಗ್ಗಿಸುತ್ತಿದ್ದುದು ಊಟದ ಟೇಬಲ್ಲಿನಲ್ಲಿ ಹಿಡಿಯಲೆಂದು.

ನನ್ನ ಚೀಲದಲ್ಲಿ ಚೋಟಿನ ಎಂಜಿನ್ನಿತ್ತು. ಶಿರಹಟ್ಟಿಯಲ್ಲಿ ಪೇಷಂಟು ಇಲ್ಲದಾಗ ಕೈಯಾಡಿಸಲು ಒಯ್ದಿದ್ದೆ. ತೆಗೆದು ಅವರ ಅಂಗೈಯಲ್ಲಿಟ್ಟೆ. ಒಂದು ವರ್ಷ ಕೂತು ಮಾಡಿದ್ದು ಅದು. ಕೂದಲೆಳೆಯಂಥ ತಂತಿಯ ಕಟಕಟೆ, ಸಾಸಿವೆಯಷ್ಟು ದೀಪ. ಗಿರಿಜಕ್ಕ ಮೃದುವಾಗಿಯೇ ಮುಟ್ಟಿದರು. ಆದರೂ ಟಕ್ಕೆಂದು ಸಣ್ಣ ಸಪ್ಪಳವಾಯಿತು.

"ಮುರೀತೇನ್ರಿ?"

"ಹೌದ್ರಿ."

"ಇಷ್ಟ ಸಣ್ಣದು ಯಾಕ ಮಾಡೀರಿ ಮತ್ತ?"

ಹೊಟ್ಟೆ ಉರಿಯಿತು. ಇರಲಿ ಬಿಡಿ ಎಂದು ನಕ್ಕೆ, ಆದರೆ ಉರಿಯಿತು. ನಕ್ಕದ್ದು ಅವರಿಗೆ ಕಾಣಲಿಲ್ಲ, ಉರಿದದ್ದು ಗೊತ್ತಾಗಿರಬೇಕು. ಉಪ್ಪಿಟ್ಟು ತಿನ್ನದೆ ಹೋಗಲು ಬಿಡಲಿಲ್ಲ.

ಹೊರಗೆ ಕಾರಿನವರೆಗೆ ಬಂದ ಚನ್ನಬಸಪ್ಪನನ್ನು, "ಯಾಕ ಹೇಳಲಿಲ್ಲ ನಮಗ?" ಎಂದು ಕೇಳಿದೆ.

"ಹೇಳಿದ್ರ ನೀವು ಅಯ್ಯೋ ಪಾಪ ಅಂತ ಒಪ್ಪತಿದ್ರಿ" ಎಂದ. "ನಾ ಕೇಳಿದ್ದು ಅಳತಿ ಮಾತು. ಅದು ಅಳತಿ ಮ್ಯಾಲ ತೀರಬೇಕಿತ್ತು. ಅಕ್ಕಗ ಪಾಪ ಅಂದ್ರ ಆಗೂದಿಲ್ಲ."

ಹೀಗಾಗಿ ರವಿವಾರ ನಾನು ಬಳಗದಲ್ಲಿ ಪಾಪ ಎಂಬ ಮಾತೇ ಬರದಂತೆ ಕಂಡದ್ದನ್ನು ಹೇಳಿದೆ. ಇಮಾಮಸಾಬರು ಕನ್ನಡಕ ತೆಗೆದು ಒರೆಸಿದರು. ವೀರಣ್ಣನವರು ತಮ್ಮ ಹಲಗೆಯನ್ನು ನೋಡುತ್ತ ನಿಂತರು. ಅರ್ಧ ಜಂಕ್ಷನ್ನು ಅಷ್ಟರಲ್ಲಿ ಎದ್ದಿತ್ತು.

"ನನಗೂ ಕೆಟ್ಟನಸತೈತಿ" ಎಂದರು ಅವರು. "ಆದ್ರ ಇಲ್ಲದ ಸ್ಟೇಷನ್ ಇಲ್ಲದ್ದ. ಇವತ್ತ ಲಕ್ಷ್ಮೇಶ್ವರ ಅಂದ್ರ ನಾಳೆ ನೀವು ಮುಂಡರಗಿಗೂ ಒಂದು ಕೇಳ್ತೀರಿ."

"ಕೇಳ್ತೀನಿ" ಎಂದೆ.

ಇಮಾಮಸಾಬರು ನಡುವೆ ಬಾಯಿ ಹಾಕಿದರು. "ನಾ ಹಿಂದಿನ ಡಬ್ಬ್ಯಾಗ ನಿಂತು ನೋಡಿದಾಂವ. ಬಿಟ್ಟ ಬಂದ ಸ್ಟೇಷನ್ನು ಮೊದಲ ಮೊಳದಷ್ಟ ಕಾಣತೈತಿ. ಸ್ವಲ್ಪ ಹೊತ್ತಿಗೆ ಗೇಣು. ಆಮ್ಯಾಲ ಚೋಟು. ಸ್ಟೇಷನ್ನು ಅದ, ದೂರ ಬ್ಯಾರೆ. ಚನ್ನಬಸಪ್ಪನ್ನ ಮುಂದ ಕುಂಡ್ರಸ್ರಿ. ನಾವಿಬ್ರೂ ನಡಕ. ಬಾಯಾರ ಜರಿಹುಳಾ ಹಿಂದ, ಗುಡ್ಡದ ಬುಡಕ್ಕ. ಮೂರೂ ಓಡಲಿ."

ವೀರಣ್ಣನವರು ಒಪ್ಪಲು ಎರಡು ರವಿವಾರ ಬೇಕಾದವು. ಮೊದಲನೆಯದರಲ್ಲಿ ಬರಲೇ ಇಲ್ಲ. ತಮ್ಮದೇ ಪ್ರೆಸ್ಸಿನ ಮೇಲಿನ ಕೋಣೆಗೆ ಕೆಳಗಿನಿಂದ ಹತ್ತಿ ಬರಲಿಲ್ಲ. ನಮಗೆ ಚಹಾ ಮಾತ್ರ ಕಳಿಸಿದರು. ಎರಡನೆಯದರಲ್ಲಿ ಬಂದು, ಗರಗಸ ತೆಗೆದುಕೊಂಡು ತಮ್ಮ ಹಲಗೆಯ ಮುಂದಿನ ಅಂಚು ಕೊಯ್ದರು. ಗೂಡ್ಸ್ ಷೆಡ್ ಇರಬೇಕಾಗಿದ್ದ ಜಾಗವದು. "ಫೋನ್ ಹಚ್ರಿ ಅವಗ" ಎಂದರು.

ಚನ್ನಬಸಪ್ಪ ಬಂದ. ಅಕ್ಕನನ್ನೂ ಕರೆದುಕೊಂಡು ಬಂದ. ಆ ಕೋಣೆಯಲ್ಲಿ ಎರಡು ಮೂರು ತಿಂಗಳು ನಡೆದ ಕೆಲಸವನ್ನು ಪೂರ್ತಿ ಹೇಳಿದರೆ ನಿಮಗೆ ಬೇಸರವಾದೀತು. ನಾನು ಡೋಣಿ ಊರಿನ ಹತ್ತಿರ ಹೋಗಿ ಗುಡ್ಡದ ಕೆಂಪು ಮಣ್ಣು ತಂದು, ಮೈದಾಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದೆ. ಅವತ್ತು ಮನೆಯಲ್ಲಿ ಆದ ಮಾತನ್ನು ಬರೆಯುವುದಿಲ್ಲ. ಆ ಮಣ್ಣನ್ನು ಹಲ್ಲಿನ ಅಚ್ಚಿನ ಹಿಟ್ಟಿಗೆ ಕಲಸಿ ಎಬ್ಬಿಸಿದ ಕಪ್ಪತಗುಡ್ಡ ಈ ಸಲ ಬಿರಿಯಲಿಲ್ಲ.

ಕೆಲಸ ಮುಗಿದ ಮೇಲೆ ಗಿರಿಜಕ್ಕ ಹಲಗೆಯ ಮೇಲೆ ಕೈಯಾಡಿಸಿದರು. ಮುಂದೆ ಮೊಳದ ಗಾಡಿ, ಅದರಾಚೆ ಗೇಣಿನದು. ಕೈ ಚಾಚಿ ಹಿಂದಿನದನ್ನೂ ಹುಡುಕಿದರು. ರಿಪೇರಿಯಾದ ನನ್ನ ಎಂಜಿನ್ನು ಅವರ ಬೆರಳಿಗೆ ಸಿಕ್ಕಿತು.

"ಇದ್ಯಾಕ ಸಣ್ಣದು?"

"ಅದು ದೂರ ಐತ್ರಿ" ಎಂದರು ಇಮಾಮಸಾಬರು.

"ಎಲ್ಲಿ ದೂರ? ಕೈಗೆ ಸಿಕ್ಕಿತಲ್ಲ."

ಕಣ್ಣಿಗೆ ದೂರದ್ದು ಸಣ್ಣದಾಗಿ ಕಾಣುತ್ತದೆ ಎಂದು ಇಮಾಮಸಾಬರು ಬಿಡಿಸಿ ಹೇಳಿದರು. ಗಿರಿಜಕ್ಕ ತಲೆ ಓರೆ ಮಾಡಿ ಕೇಳಿದರು. "ಸಪ್ಪಳ ಹಂಗ ಆಗತೈತಿ, ಖರೆ" ಎಂದರು. "ಆದ್ರ ಗಾಡಿನ ಸಣ್ಣದಾಗತೈತಿ ಅಂದ್ರ ನಂಬಾಕ ಆಗವಲ್ದು. ನಿಮ್ಮ ಕಣ್ಣಿಗೆ ಏನೋ ಕಮ್ಮಿ ಐತಿ ಬಿಡ್ರಿ."

ಬೋರ್ಡು ಮಾಡಿದವರು ವೀರಣ್ಣನವರು. ಹಳದಿಯ ಮೇಲೆ ಕರಿ ಅಕ್ಷರ, ಮೂರು ಭಾಷೆ. ಕೆಳಗೆ ಗಿರಿಜಕ್ಕ ಹೇಳಿದಂತೆ ಉಬ್ಬು ಚುಕ್ಕೆಗಳಲ್ಲಿಯೂ ಊರಿನ ಹೆಸರು. ಸ್ಟೇಷನ್ ಬೋರ್ಡಿನಲ್ಲಿ ಸಮುದ್ರ ಮಟ್ಟದಿಂದ ಎತ್ತರ ಬರೆದಿರುತ್ತದಲ್ಲ, ಆ ಜಾಗ ಮಾತ್ರ ಖಾಲಿ.

"ಅದ್ಯಾಕ ಬಿಟ್ಟೀರಿ?" ಎಂದೆ.

"ರೈಲ್ವೆದವ್ರು ಬಂದು ಅಳದ ಹೇಳಲಿ. ಆಮ್ಯಾಲ ಹಾಕೋಣು" ಎಂದರು. ಇದ್ದದ್ದು ಇದ್ದ ಹಾಗೆ ಎಂಬ ತಮ್ಮ ನಿಯಮದ ಕೊನೆಯ ತುಂಡನ್ನು ಅವರು ಅಲ್ಲಿ ಉಳಿಸಿಕೊಂಡರು.

ತೋರಿಸುವುದಾದರೆ ಲಕ್ಷ್ಮೇಶ್ವರದಲ್ಲೇ ತೋರಿಸಬೇಕು ಎಂದು ಇಮಾಮಸಾಬರು ಹಟ ಹಿಡಿದರು. ಅಲ್ಲಿನ ಒಂದು ಶಾಲೆಯವರು ರವಿವಾರಕ್ಕೆ ಸಭಾಂಗಣ ಕೊಟ್ಟರು. ಹಲಗೆಗಳನ್ನೆಲ್ಲ ಬಿಚ್ಚಿ, ಗಾದಿಗಳ ನಡುವೆ ಇಟ್ಟು ಟೆಂಪೋದಲ್ಲಿ ಹೇರಿಕೊಂಡು ಶಿರಹಟ್ಟಿ ಮೇಲೆ ಹೊರಟೆವು. ರೈಲು ಹೋಗಲಾರದ ಊರಿಗೆ ರೈಲನ್ನು ಟೆಂಪೋದಲ್ಲಿ ಒಯ್ದವರು ನಾವೇ ಮೊದಲಿಗರಿರಬೇಕು. ರಸ್ತೆಯ ಉಬ್ಬು ಬಂದಾಗಲೆಲ್ಲ ನನ್ನ ಜೀವ ಹಿಂದಿನ ಕಪ್ಪತಗುಡ್ಡದಲ್ಲಿತ್ತು.

ಇಷ್ಟು ಜನ ಬರುತ್ತಾರೆಂದು ನಾವು ಎಣಿಸಿರಲಿಲ್ಲ. ಅಂಗಡಿಗಳವರು, ಮಾಸ್ತರರು, ಮಕ್ಕಳನ್ನು ಕಂಕುಳಲ್ಲಿ ಹೊತ್ತ ತಾಯಂದಿರು, ಧೋತರದ ಹಿರಿಯರು. ಒಳಗೆ ಬಂದವರು ಮೊದಲು ಬೋರ್ಡು ಓದುತ್ತಿದ್ದರು. ಕೆಲವರು ಓದಿ, ಪಕ್ಕದವರಿಗೆ ತೋರಿಸಿ, ಮತ್ತೆ ಓದುತ್ತಿದ್ದರು. ಯಾರೂ ತಮಾಷೆ ಮಾಡಲಿಲ್ಲ. ಪ್ಲಾಟ್‌ಫಾರ್ಮಿನ ಪಕ್ಕದಲ್ಲಿ ಗಿರಿಜಕ್ಕ ಮೈಕು ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ಗದಗ ಸ್ಟೇಷನ್ನಿನಲ್ಲಿ ಕೇಳಿ ಕೇಳಿ ಬಾಯಿಪಾಠವಾದ ಧಾಟಿಯಲ್ಲಿ, "ಪ್ರಯಾಣಿಕರು ದಯವಿಟ್ಟು ಗಮನಿಸಿ. ಗದಗದಿಂದ ಶಿರಹಟ್ಟಿ ಮಾರ್ಗವಾಗಿ ಲಕ್ಷ್ಮೇಶ್ವರಕ್ಕೆ ಬರುವ ಗಾಡಿ ಇನ್ನು ಕೆಲವೇ ನಿಮಿಷಗಳಲ್ಲಿ ಒಂದನೇ ಪ್ಲಾಟ್‌ಫಾರ್ಮಿಗೆ ಬರಲಿದೆ" ಎಂದರು.

ಮೊದಲು ಗುಡ್ಡದ ಬುಡದಲ್ಲಿ ನನ್ನ ಚೋಟಿನ ಗಾಡಿ ಹಾದು ಮರೆಯಾಯಿತು. ಆಮೇಲೆ ನಡುವಿನ ಹಳಿಯಲ್ಲಿ ಗೇಣಿನದು ಹೋಯಿತು. ಕೊನೆಗೆ ಪರದೆಯ ಆಚೆಯಿಂದ ಚನ್ನಬಸಪ್ಪನ ಮೊಳದ ಗಾಡಿ ಹೊರಬಂತು. ಸ್ಟೇಷನ್ನಿಗೆ ಇನ್ನೂ ಒಂದು ಮಾರು ಇದೆ ಎನ್ನುವಾಗ ಎಂಜಿನ್ನು ತಡವರಿಸಿ, ಒಂದು ಬದಿಗೆ ವಾಲಿ ನಿಂತುಬಿಟ್ಟಿತು. ಹಳಿ ಕವಲೊಡೆಯುವಲ್ಲಿ ಯಾವುದೋ ಮಗುವಿನ ಕೈಯಿಂದ ಜಾರಿದ ಒಂದು ಚುರಮರಿ ಕಾಳು ಸಿಕ್ಕಿಕೊಂಡಿತ್ತು.

ಚನ್ನಬಸಪ್ಪ ಹಳಿಯ ಹತ್ತಿರ ಬಗ್ಗಿದ. ಆತನ ಊರು, ಆತನ ಗಿರಾಕಿಗಳು, ಎಲ್ಲ ಎದುರಿಗಿದ್ದಾರೆ. ಕೈ ಚಾಚಿದ. ಸಂದಿನಲ್ಲಿ ಬೆರಳು ಹಿಡಿಸದೆ ಕಾಳು ಬರಲಿಲ್ಲ. ನಾನು ಚೀಲದಲ್ಲಿ ಚಿಮಟ ಹುಡುಕತೊಡಗಿದೆ. ಸಪ್ಪಳ ನಿಂತದ್ದು ಗಿರಿಜಕ್ಕನಿಗೆ ತಿಳಿಯಿತು. ಮೈಕು ಬಾಯಿಗೆ ಹಿಡಿದರು.

"ಪ್ರಯಾಣಿಕರು ದಯವಿಟ್ಟು ಗಮನಿಸಿ. ಲಕ್ಷ್ಮೇಶ್ವರಕ್ಕೆ ಬರುವ ಗಾಡಿ ಸ್ವಲ್ಪ ತಡವಾಗಿ ಬರಲಿದೆ. ತಮಗಾದ ಅನಾನುಕೂಲತೆಗೆ ವಿಷಾದಿಸುತ್ತೇವೆ."

ಜನ ನಕ್ಕರು. ಮುಂದಿದ್ದ ಒಬ್ಬ ಹಿರಿಯರು ಧೋತರ ಸರಿಮಾಡಿಕೊಂಡು ನೆಲದ ಮೇಲೆ ಕೂತರು. "ಅವಸರ ಇಲ್ಲೋ ಚನ್ನಬಸಪ್ಪ. ನಮ್ಮ ಅಜ್ಜಾರ ಕಾಲದಿಂದ ಕಾಯಾಕತ್ತೇವಿ. ನಿಧಾನಕ ತೆಗಿ" ಎಂದರು. ಅವರನ್ನು ನೋಡಿ ಉಳಿದವರೂ ಕೂತರು. ನೋಡನೋಡುತ್ತ ಇಡೀ ಸಭಾಂಗಣ ಗಾಡಿಗಾಗಿ ಕಾದು ಕೂತ ಪ್ಲಾಟ್‌ಫಾರ್ಮಿನಂತಾಯಿತು.

ಚಿಮಟ ಕೊಟ್ಟೆ. ಚನ್ನಬಸಪ್ಪ ಕಾಳು ತೆಗೆದ, ಎಂಜಿನ್ನನ್ನು ಹಳಿಯ ಮೇಲೆ ಕೂಡಿಸಿದ. ಇಮಾಮಸಾಬರು ಹಸಿರು ಬಾವುಟ ತೋರಿಸಿದರು. ಗಾಡಿ ನಿಧಾನವಾಗಿ ಹೊರಟು, ಬೋರ್ಡು ದಾಟಿ, ನಳ ದಾಟಿ, ಬೆಂಚಿನ ಮುಂದೆ ಬಂದು ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಅಜ್ಜಿ ಮಾತ್ರ, "ಈಗ ಹತ್ತಬೇಕೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ಗಿರಿಜಕ್ಕ ಗಾಡಿ ಬಂದು ನಿಂತಿದೆ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಮೈಕನ್ನು ಮಡಿಲಲ್ಲಿಟ್ಟು, ಎಂಜಿನ್ನಿನ ಮೂಗಿಗೆ ಕೈ ಹಚ್ಚಿದರು. ಅಲ್ಲಿಂದ ಒಂದೊಂದೇ ಡಬ್ಬಿಯನ್ನು ಸವರುತ್ತ, ಕುರ್ಚಿ ಬಿಟ್ಟು ಎದ್ದು, ಹಲಗೆಯ ಗುಂಟ ನಡೆದು ಹೋದರು. ಜನ ಸರಿದು ದಾರಿ ಕೊಟ್ಟರು. ಗಾರ್ಡಿನ ಡಬ್ಬಿ ಸಿಕ್ಕಿದ ಮೇಲೆ ಕೈ ನಿಂತಿತು.

"ಎಲ್ಲಾ ಡಬ್ಬಿನೂ ಬಂದಾವು ಚನ್ನಾ" ಎಂದರು. "ಒಂದೂ ಹಿಂದ ಉಳದಿಲ್ಲ."